ತಿಪ್ಪೆ ಅರಗಿಸಿಕೊಳ್ಳದ ಕಸ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹಳೆಯ ಮನೆಗಳಿಗೆ ಹಿತ್ತಲಿನ ತಿಪ್ಪೆಯೇ ಕಸದ ಕೊನೆಯ ನಿಲ್ದಾಣ. ಒಲೆಯ ಬೂದಿ, ಸಗಣಿ, ಜೋಳದ ದಂಟು, ಕಾಯಿಪಲ್ಲೆಯ ಸಿಪ್ಪೆ ಎಲ್ಲವೂ ಅಲ್ಲಿಗೇ. ಮಳೆಗಾಲಕ್ಕೆ ಮುನ್ನ ಅದು ಗೊಬ್ಬರವಾಗಿ ಬಂಡಿಯೇರಿ ಹೊಲ ಸೇರುತ್ತಿತ್ತು. ಕಸ ಬೇರ್ಪಡಿಸುವ ಪಾಠ ಆಗ ಯಾರಿಗೂ ಬೇಕಿರಲಿಲ್ಲ. ಕೊಳೆಯದ ವಸ್ತು ಮನೆಯಲ್ಲಿ ಇದ್ದದ್ದೇ ಕಡಿಮೆ.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ದೇಶದ ಮನೆಗಳ ಗೋಡೆಗೆ ಡಿಡಿಟಿ ಬಂತು. (ಬೀದರ್ ಜಿಲ್ಲೆ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು.) ಮುಂದೆ ಕೀಟನಾಶಕದ ಡಬ್ಬಿ, ಟಾರ್ಚಿನ ಸೆಲ್, ಟ್ಯೂಬ್‌ಲೈಟ್, ಪಾದರಸದ ಥರ್ಮಾಮೀಟರ್ ಒಂದೊಂದಾಗಿ ಒಳಬಂದವು. ಮನೆ ಬದಲಾಯಿತು, ತಿಪ್ಪೆಗೆ ಎಸೆಯುವ ರೂಢಿ ಬದಲಾಗಲಿಲ್ಲ.

ಕಾನೂನು ಕೂಡ ಮನೆಯತ್ತ ತಡವಾಗಿಯೇ ತಿರುಗಿತು. 1984ರ ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1989ರಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮ ಬಂದವು. ಅವುಗಳ ಕಣ್ಣಿದ್ದದ್ದು ಕಾರ್ಖಾನೆಗಳ ಮೇಲೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಊರ ಕಸದ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು; 2000ದಲ್ಲಿ ನಗರ ಘನತ್ಯಾಜ್ಯ ನಿಯಮ ಬಂತು. ಆದರೆ ಗೃಹಬಳಕೆಯ ಅಪಾಯಕಾರಿ ಕಸವನ್ನು ಹೆಸರಿಟ್ಟು ಪಟ್ಟಿ ಮಾಡಿದ್ದು 2016ರ ನಿಯಮ. ಪ್ರತಿ 20 ಚದರ ಕಿ.ಮೀ.ಗೆ ಒಂದು ಸಂಗ್ರಹ ಕೇಂದ್ರವಿರಬೇಕೆಂದು ಅದು ವಿಧಿಸಿತು. ನಡುವೆ 2001ರ ನಿಯಮ ವಾಹನದ ಹಳೆ ಬ್ಯಾಟರಿಗಳನ್ನು ಮಾರಾಟಗಾರರೇ ಹಿಂಪಡೆಯಬೇಕೆಂದಿತ್ತು. ನನ್ನ ಅಭಿಪ್ರಾಯದಲ್ಲಿ ಅವು ಮರಳುವುದು ನಿಯಮಕ್ಕಿಂತ ಹೆಚ್ಚಾಗಿ ಸೀಸದ ಬೆಲೆಯಿಂದ. ಉರಿದುಹೋದ ಟ್ಯೂಬ್‌ಲೈಟಿಗೆ ಗುಜರಿಯವನೂ ಕಾಸು ಕೊಡುವುದಿಲ್ಲ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ಉತ್ತರ ನಮ್ಮ ಜಿಲ್ಲೆಯ ನೆಲದಲ್ಲೇ ಇದೆ. ಬೀದರಿನ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಸುರಂಗ ಕಾಲುವೆ, ಅಂದರೆ ಕರೇಜ್ ಇದೆ. ಮಳೆನೀರು ರಂಧ್ರಗಳುಳ್ಳ ಜಂಬಿಟ್ಟಿಗೆಯಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಗಲ್ಲು ತಡೆದಾಗ ಅಡ್ಡಡ್ಡ ಹರಿಯುತ್ತದೆ. ಆ ಹರಿವನ್ನೇ ಸುರಂಗ ಹಿಡಿದಿಡುತ್ತದೆ. ನೀರಿಗೆ ದಾರಿ ಕೊಡುವ ನೆಲ, ನೀರಿನಲ್ಲಿ ಕರಗಿದ ವಿಷಕ್ಕೂ ದಾರಿ ಕೊಡುತ್ತದೆ. ಒಬ್ಬರ ಹಿತ್ತಲು ಇನ್ನೊಬ್ಬರ ಬಾವಿಗೆ ಮೇಲ್ದಾರಿಯಾಗಬಹುದು.

ಆದ್ದರಿಂದ ಇಂಥ ಕಸವನ್ನು ಸುಡಬೇಡಿ, ಹೂಳಬೇಡಿ, ಮೋರಿಗೆ ಸುರಿಯಬೇಡಿ. ಥರ್ಮಾಮೀಟರ್ ಒಡೆದರೆ ಕಿಟಕಿ ತೆರೆಯಿರಿ, ಪೊರಕೆ ಮುಟ್ಟಬೇಡಿ. ಗುಡಿಸಿದರೆ ಪಾದರಸ ಇನ್ನಷ್ಟು ಸಣ್ಣ ಹನಿಗಳಾಗಿ ಚೆದುರುತ್ತದೆ. ದಪ್ಪ ಕಾಗದದಿಂದ ಒತ್ತರಿಸಿ ಮುಚ್ಚಳದ ಬಾಟಲಿಗೆ ಹಾಕಿಡಿ. ಇನ್ಸುಲಿನ್ ಸೂಜಿಗೆ ಗಟ್ಟಿ ಡಬ್ಬಿ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಮುಂಜಾನೆ ಅದನ್ನೆತ್ತುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.