ಗಾಡಿ ಬಣ್ಣ ಒಣಗೋ ಕಥಿ

ನಮ್ಮ ಧಾರವಾಡದಾಗ ಬಡಿಗ್ಯಾರಿಗೆ ಒಂದ ಕಪಾಟ ಮಾಡಲಿಕ್ಕೆ ಹೇಳ್ರಿ, ಕಟ್ಟಗಿ ಕೆಲಸ ಮುಗಿಯೋ ಹೊತ್ತಿಗೆ ಕೇಳೇ ಕೇಳ್ತಾರ, "ಮ್ಯಾಲೆ ಏನ ಮಾಡೋಣ್ರಿ ಬಾಯಾರ, ಪಾಲಿಶೋ, ಡ್ಯೂಕೋನೋ?" ಡ್ಯೂಕೋ ಅಂದ್ರ ಗನ್ ಹಿಡದು ಹೊಡಿಯೋ ನುಣುಪಾದ ಬಣ್ಣ ಅಂತ ನಮಗೆಲ್ಲಾ ಗೊತ್ತು. ಆದ್ರ ಈ ಶಬ್ದ ಕಟ್ಟಗೀದಲ್ಲ, ಕಾರಿಂದು. ನೂರು ವರ್ಷದ ಹಿಂದ ಅಮೆರಿಕಾದ ಡ್ಯುಪಾಂಟ್ ಕಂಪನಿ ಮಾರಲಿಕ್ಕೆ ತಂದ ಒಂದ ಬಣ್ಣದ ಹೆಸರು ಅದು. ಆ ಬಣ್ಣ ಕಾರಿನ ಮ್ಯಾಲಿಂದ ಯಾವಾಗೋ ಹೋತು, ಹೆಸರು ನಮ್ಮ ಬಡಿಗ್ಯಾರ ಬಾಯಾಗ ಉಳೀತು.

ಆ ಹೆಸರಿನ ಬೆನ್ನ ಹತ್ತಿ ಹೋದ್ರ ಕಾರಿನ ಬಣ್ಣದ ಇಡೀ ಕಥಿ ಸಿಗ್ತದ. ಅದು ಚಂದ ಕಾಣೋ ಕಥಿಗಿಂತ ಒಣಗೋ ಕಥಿ. ಹಪ್ಪಳ ಸಂಡಗಿ ಮಾಡಿದವರಿಗೆ ಇದು ಲಗೂನ ತಿಳೀತದ. ಹಿಟ್ಟು ಕಲಸೋದು, ಲಟ್ಟಸೋದು ಎಷ್ಟೊತ್ತಿನ ಕೆಲಸರಿ? ಒಣಗಸಲಿಕ್ಕೆ ಮಾಳಗಿ ಬೇಕು, ಬಿಸಲ ಬೇಕು, ಕಾಗಿ ಕಾಯಲಿಕ್ಕೆ ಒಬ್ಬರು ಬೇಕು.

ಮೊದಮೊದಲ ಕಾರಿಗೆ ಕುದರಿ ಸಾರೋಟಿನ ಬಣ್ಣಾನ ಹಚ್ಚತಿದ್ರು. ಅಗಸಿ ಎಣ್ಣಿ, ಅದರಾಗ ಬಣ್ಣದ ಪುಡಿ, ಮ್ಯಾಲೆ ವಾರ್ನಿಶ್, ಎಲ್ಲಾ ಬ್ರಶ್ ಹಿಡದು ಕೈಲೆ. ಅಗಸಿ ಎಣ್ಣಿ ನೀರಿನಂಗ ಆರಿ ಹೋಗೂದಿಲ್ಲ. ಗಾಳಿಯೊಳಗಿನ ಆಮ್ಲಜನಕ ಹಿಡಕೊಂಡು ನಿಧಾನಕ್ಕ ಗಟ್ಟಿ ಆಗ್ತದ. ಒಂದ ಪದರ ಹಚ್ಚೋದು, ಒಣಗಸೋದು, ಉಜ್ಜೋದು, ಮತ್ತೊಂದ ಪದರ. ಹಿಂಗ ಮಾಡಿ ಒಂದ ಗಾಡಿ ಹೊರಗ ಬರಲಿಕ್ಕೆ ಮೂರ್ನಾಲ್ಕು ವಾರ ಹಿಡೀತಿತ್ತು.

ಹೆನ್ರಿ ಫೋರ್ಡ್ 1913ರಾಗ ಹೈಲ್ಯಾಂಡ್ ಪಾರ್ಕ್ ಕಾರಖಾನ್ಯಾಗ ಗಾಡಿ ಸಾಲಾಗಿ ಸರೀತಾ ಜೋಡಣಿ ಆಗೋ ಪದ್ಧತಿ ತಂದ. ಗಾಡಿ ತಾಸಿನ ಲೆಕ್ಕಕ್ಕ ತಯಾರಾಗಲಿಕ್ಕೆ ಹತ್ತಿದ್ವು, ಬಣ್ಣ ಮಾತ್ರ ವಾರದ ಲೆಕ್ಕದಾಗ ಉಳೀತು. ನೀವ ಲೆಕ್ಕ ಹಾಕ್ರಿ. ದಿನಾ ಸಾವಿರ ಗಾಡಿ ಮಾಡೋ ಕಾರಖಾನಿ, ಬಣ್ಣ ಒಣಗಲಿಕ್ಕೆ 21 ದಿನ ಅಂದ್ರ, ಯಾವಾಗ ನೋಡಿದ್ರೂ 21,000 ಗಾಡಿ ಸುಮ್ಮನ ನಿಂತಿರಬೇಕು, ಅದೂ ಧೂಳು ಬೀಳದ ಸೂರಿನ ಕೆಳಗ. ಅಷ್ಟ ದೊಡ್ಡ ಮಾಳಗಿ ಯಾರ ಮನ್ಯಾಗ ಅದರಿ?

ಫೋರ್ಡ್‌ನ ಮಾಡೆಲ್ ಟಿ ಮೊದಲ ಕೆಂಪು, ಹಸಿರು, ನೀಲಿ, ಬೂದಿ ಬಣ್ಣದಾಗ ಸಿಗತಿತ್ತು. 1914ರಿಂದ 1925ರ ತನಕ ಬರೇ ಕರೀದು. ಡಾಂಬರಿನ ಜಾತಿಯ ಆಸ್ಫಾಲ್ಟ್ ಎಣ್ಣಿಯಾಗ ಕೂಡಿಸಿದ 'ಜಪಾನ್ ಬ್ಲ್ಯಾಕ್' ಅನ್ನೋ ಬಣ್ಣ ಸೋವಿ, ಗಟ್ಟಿಮುಟ್ಟು, ಬಿಡಿ ಭಾಗಗಳನ್ನ ಭಟ್ಟ್ಯಾಗ ಇಟ್ಟು ಕಾಸಿ ಒಣಗಸಲಿಕ್ಕೂ ಬರತಿತ್ತು. ತಿಳೀ ಬಣ್ಣ ಹಂಗ ಕಾಸಿದ್ರ ಅದರಾಗಿನ ಎಣ್ಣಿ ಹಳದಿ ತಿರುಗತಿತ್ತು.

ಇನ್ನ ಡ್ಯೂಕೋಕ್ಕ ಬರೋಣ. ಹತ್ತಿಗೆ ನೈಟ್ರಿಕ್ ಆಸಿಡ್ ಕೂಡಿಸಿದ್ರ ನೈಟ್ರೋಸೆಲ್ಯುಲೋಸ್ ಆಗ್ತದ. ಒಂದ ಹದಕ್ಕ ಅದು ಬಂದೂಕಿನ ಮದ್ದು, ಇನ್ನೊಂದ ಹದಕ್ಕ ಫೋಟೋ ಫಿಲ್ಮು, ಮತ್ತೊಂದ ಹದಕ್ಕ ಲ್ಯಾಕರ್. ನಮ್ಮ ಹುಬ್ಬಳ್ಳಿ ಕಡೆ ಹೊಲದಾಗ ಬೆಳಿಯೋ ಅದೇ ಹತ್ತಿ! ಮೊದಲನೇ ಮಹಾಯುದ್ಧದಾಗ ಡ್ಯುಪಾಂಟ್ ಕಂಪನಿ ಮದ್ದು ಮಾಡಿ ಮಾಡಿ ದೊಡ್ಡದಾಗಿತ್ತು. ಯುದ್ಧ ಮುಗದ ಮ್ಯಾಲೆ ಮದ್ದು ಯಾರಿಗೆ ಬೇಕು? ಆದ್ರ ಈ ಲ್ಯಾಕರಿಗೆ ಒಂದ ತೊಡಕಿತ್ತು. ಅದು ಕಾಕಂಬಿಯಂಗ ದಪ್ಪ. ತೆಳ್ಳಗ ಮಾಡಿದ್ರ ಅದರಾಗ ಬಣ್ಣದ ಪುಡಿ ಹಿಡೀತಿರಲಿಲ್ಲ. 1920ರ ಸುಮಾರಿಗೆ ಅದನ್ನ ಪಾನಕದಂಗ ಮಾಡಿಯೂ ಬಣ್ಣ ಹಿಡಸೋ ಉಪಾಯ ಅವರಿಗೆ ಸಿಕ್ತು. ಜನರಲ್ ಮೋಟಾರ್ಸಿನ ಚಾರ್ಲ್ಸ್ ಕೆಟರಿಂಗ್ ಬೆನ್ನ ಹತ್ತಿ ಅದನ್ನ ಕಾರಿಗೆ ಒಗ್ಗಸಿದಾಂವ. 1924ರ ಮಾಡೆಲ್‌ನ ಓಕ್‌ಲ್ಯಾಂಡ್ ಗಾಡಿ ಡ್ಯೂಕೋದ 'ಟ್ರೂ ಬ್ಲೂ' ನೀಲಿ ಉಟಗೊಂಡು ಬಂತು. ಗನ್‌ಲೆ ಹೊಡದ್ರ ವಾರಗಟ್ಟಲೆ ಕೆಲಸ ತಾಸಿನ ಲೆಕ್ಕಕ್ಕ ಇಳೀತು. 1926ರ ಮಾಡೆಲ್‌ಗೆ ಫೋರ್ಡ್ ಸೈತ ಮತ್ತ ಬಣ್ಣಕ್ಕ ತಿರುಗಿದ.

ಡ್ಯೂಕೋ ತಾನಾಗೇ ಹೊಳೀತಿರಲಿಲ್ಲ, ಆಳಿಟ್ಟು ತಿಕ್ಕಸಬೇಕಿತ್ತು. 1930ರ ದಶಕದಾಗ ಅಲ್ಕಿಡ್ ಎನಾಮಲ್ ಬಂತು, ಕಾಸಿದ್ರ ತಾನ ಹೊಳೀತಿತ್ತು. 1950ರ ದಶಕದಾಗ ಅಕ್ರಿಲಿಕ್ ಬಂತು. 1960ರ ದಶಕದಾಗ ಫೋರ್ಡಿನ ಜಾರ್ಜ್ ಬ್ರೂವರ್ ಅನ್ನೋರು ತಯಾರ ಮಾಡಿದ ಪದ್ಧತಿಯಿಂದ ಇಡೀ ಗಾಡಿಯನ್ನ ಬಣ್ಣದ ನೀರಿನಾಗ ಮುಳಗಿಸಿ, ಕರೆಂಟ್ ಹರಸಿ, ಸಂದಿ-ಗೊಂದಿಗೆಲ್ಲಾ ಬಣ್ಣ ಕೂಡಸಲಿಕ್ಕೆ ಹತ್ತಿದ್ರು. ಜಂಗ ತಡಿಯೋ ತಳದ ಪದರ ಇವತ್ತಿಗೂ ಹಂಗ ಆಗ್ತದ.

ಆದ್ರೂ ಬಣ್ಣ ಬಿಸಲಿಗೆ ಸುಟ್ಟ ಮಾಸತಿತ್ತು. ಹಳೇ ಅಂಬಾಸಿಡರ್ ಗಾಡಿಗೆ ಪಾಲಿಶ್ ತಿಕ್ಕಿದವರಿಗೆ ನೆನಪಿರಬೇಕು, ಅರಬಿಗೆ ಗಾಡಿ ಬಣ್ಣಾನ ಹತ್ತಿ ಬರತಿತ್ತು. ಎಲ್ಲಾಕಿಂತ ಮ್ಯಾಲೆ ಇದ್ದದ್ದು ಬಣ್ಣಾನ ಅಲಾ! ಬೆಳ್ಳಿಯಂಗ ಮಿಂಚೋ ಮೆಟಾಲಿಕ್ ಬಣ್ಣಕ್ಕಂತೂ ಅದರಾಗಿನ ಅಲ್ಯುಮಿನಿಯಂ ಚೂರು ಮ್ಯಾಲೆ ತೆರದಿದ್ರ ಕಳೆ ಹೋಗತಿತ್ತು. ಅದಕ್ಕ ಬಂತು ಕ್ಲಿಯರ್ ಕೋಟ್. ಕೆಳಗ ತೆಳ್ಳಗ ಬಣ್ಣ, ಮ್ಯಾಲೆ ಬಣ್ಣಾನ ಇಲ್ಲದ ಪಾರದರ್ಶಕ ಪದರ, ರೇಶನ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿದಂಗ. 1980ರ ದಶಕದಾಗ ಇದು ಎಲ್ಲಾ ಕಡೆ ಹಬ್ಬಿತು. ಮೊದಲಿಗೆ ಅದರೊಳಗಿಂದ ಹಾದ ಬಿಸಲು ಕೆಳಗಿನ ಪದರದ ಹಿಡಿತ ಸಡಲಿಸಿ, ಅದು ಸಿಪ್ಪಿ ಸಿಪ್ಪಿಯಾಗಿ ಏಳತಿತ್ತು. ಆಮ್ಯಾಲೆ ಬಿಸಲಿನ ನೇರಳಾತೀತ ಕಿರಣ ತಡಿಯೋ ಔಷಧ ಅದರಾಗ ಕೂಡಿಸಿದ್ರು. ಈ ಪದರ ಸುಮಾರು 40-50 ಮೈಕ್ರಾನ್, ಕೂದಲೆಳಿಗಿಂತ ತೆಳ್ಳಗ. ಅದಕ್ಕ ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಕಾರಿಗೆ ಹಚ್ಚಬ್ಯಾಡ್ರಿ. ನೀವ ತೆಗಿಯೋದು ಕೆಸರಲ್ಲ, ಆ ಪದರಾನ.

ಇಲ್ಲಿಗೆ ಕಥಿ ಸುಖಾಂತ ಅನಬಹುದಿತ್ತು. ಆದ್ರ ರಿಪೇರಿ ಗ್ಯಾರೇಜಿನಾಗ ಹೊಡಿಯೋ ಕ್ಲಿಯರ್ ಕೋಟು ಬ್ಯಾಗ ಗಟ್ಟಿ ಆಗಲಿಕ್ಕೆ ಅದಕ್ಕ ಹಾರ್ಡನರ್ ಕೂಡಸ್ತಾರ. ಹಾಲಿಗೆ ಹೆಪ್ಪ ಹಾಕಿದಂಗ. ಅದರಾಗ ಐಸೋಸೈನೇಟ್ ಅನ್ನೋ ರಾಸಾಯನಿಕ ಇರ್ತದ. ಗನ್‌ಲೆ ಹೊಡಿಯೋವಾಗ ಅದರ ಮಂಜು ಉಸಿರಿನಾಗ ಹೋದ್ರ ಅಸ್ತಮಾ ಬರ್ತದ. ಒಮ್ಮೆ ಮೈಗೆ ಅದು ಆಗಿ ಬರದಂಗ ಆತಂದ್ರ, ಆಮ್ಯಾಲೆ ಚೂರು ಸೋಕಿದ್ರೂ ಉಸಿರು ಕಟ್ತದ. ದೊಡ್ಡ ಕಾರಖಾನ್ಯಾಗ ಬಂದ ಕ್ವಾಣ್ಯಾಗ ರೋಬೋಟ್ ಹೊಡೀತಾವ. ಓಣಿ ಗ್ಯಾರೇಜಿನಾಗ ಹೊಡಿಯೋವು ನಮ್ಮ ಹುಡುಗೂರು.

ನಮ್ಮ ಓಣ್ಯಾಗ ಹಂತಾ ಒಬ್ಬಾಂವ ಇದ್ದಾನ. ಮೂಗಿಗೆ ಕರ್ಚೀಪ ಕಟಗೊಂಡು ಹನ್ನೆರಡು ವರ್ಷ ಬಣ್ಣ ಹೊಡದ. ಈಗ ನಮ್ಮ ಮನಿ ಮೆಟ್ಲ ಹತ್ತಿದ್ರ ಅರ್ಧಕ್ಕ ನಿಂದರ್ತಾನ. "ಕಾಕು, ವಾಸನಿ ಬಂದ್ರ ಸಾಕು, ಎದಿ ಹಿಡೀತದ" ಅಂತಾನ. ವಯಸ್ಸು ಮೂವತ್ನಾಲ್ಕು. ಕರ್ಚೀಪ ಧೂಳು ತಡೀಬಹುದು, ಈ ಮಂಜು ತಡಿಯೂದಿಲ್ಲ. ಹೊರಗಿನ ಚೊಕ್ಕ ಗಾಳಿ ಕೊಳವಿಯಿಂದ ಬರೋ ಮಾಸ್ಕ್ ಬೇಕು.

ಮೂರ ವಾರದ ಕೆಲಸ ಒಂದ ದಿನಕ್ಕ ಬಂತು, ಅದು ಛಲೋನ ಆತು. ಆದ್ರ ನಾವು ಗಾಡಿ ಬಿಟ್ಟು "ಸಂಜೀಕ ಬೇಕ ನೋಡ್ರಿ" ಅಂತ ಅವಸರ ಮಾಡ್ತೇವಲ್ಲಾ, ಆ ಅವಸರದ ಬೆಲಿ ಯಾರೋ ಉಸಿರಿನಾಗ ಕೊಡಬಾರದು. ಮುಂದಿನ ಸಲ ಗ್ಯಾರೇಜಿಗೆ ಹೋದ್ರ ಬಣ್ಣ ಎಷ್ಟಕ್ಕ ಅಂತ ಕೇಳೋ ಜೋಡಿ, ಹೊಡಿಯೋ ಹುಡುಗಗ ಮಾಸ್ಕ್ ಅದ ಏನು ಅಂತ ಕೇಳ್ರಿ. ಇಲ್ಲಂದ್ರ ಬ್ಯಾರೆ ಗ್ಯಾರೇಜ್ ನೋಡ್ರಿ, ಎರಡ ದಿನ ತಡ ಆದ್ರೂ ಆಗಲಿ.