ಸಂಕಲನದ ಕತ್ತರಿ: ಕನ್ನಡ ತೆರೆಯ ಮೇಲೆ ಕಾಲ ಮತ್ತು ಭಾವ

ಕನ್ನಡ ಚಲನಚಿತ್ರದ ಇತಿಹಾಸವನ್ನು ಬರೆಯುವವರು ನಟರನ್ನೂ ನಿರ್ದೇಶಕರನ್ನೂ ಗಾಯಕರನ್ನೂ ವಿಸ್ತಾರವಾಗಿ ಸ್ಮರಿಸುತ್ತಾರೆ. ಚಿತ್ರೀಕರಿಸಿದ ತುಣುಕುಗಳನ್ನು ಕತ್ತರಿಸಿ, ಹೊಂದಿಸಿ, ಅಂಟಿಸಿ ಕಥೆಯಾಗಿಸುವ ಸಂಕಲನಕಾರನ ಹೆಸರು ಮಾತ್ರ ಹೆಸರುಗಳ ಪಟ್ಟಿಯಲ್ಲೇ ಉಳಿದುಬಿಡುತ್ತದೆ. ಆದರೆ ಪಾತ್ರದ ಅಂತರಂಗವೂ ಕಾಲದ ಗತಿಯೂ ಪ್ರೇಕ್ಷಕನನ್ನು ತಲುಪುವುದು ಬಹುಮಟ್ಟಿಗೆ ಅವನ ಕತ್ತರಿಯಿಂದಲೇ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸುವವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬಯಲಾಟದ ನಾಡು ನಮ್ಮದು. ಬಳ್ಳಾರಿ ರಾಘವರು (1880–1946) ರಂಗವನ್ನಾಳಿದ ಸೀಮೆಯೂ ಇದೇ. ರಂಗದ ಮುಂದೆ ಪ್ರೇಕ್ಷಕ ಕುಳಿತ ಸ್ಥಳ ಬದಲಾಗದು. ನಟನು ತನ್ನ ದುಃಖವನ್ನು ಕಂಠದಿಂದಲೂ ಅಂಗಾಭಿನಯದಿಂದಲೂ ಕೊನೆಯ ಸಾಲಿನವರಿಗೆ ಮುಟ್ಟಿಸಬೇಕು. ವರುಷಗಳು ಉರುಳಿದವೆಂದು ಪರದೆಯೋ ಭಾಗವತರ ಪದವೋ ಹೇಳಬೇಕು. 1934ರಲ್ಲಿ ವೈ.ವಿ. ರಾವ್ ನಿರ್ದೇಶನದಲ್ಲಿ ಕೊಲ್ಲಾಪುರದಲ್ಲಿ ತಯಾರಾದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಮೊದಲಾದವರು ರಂಗಭೂಮಿಯಿಂದಲೇ ಬಂದವರು.

ಚಲನಚಿತ್ರಕ್ಕೆ ಬೇರೊಂದು ಶಕ್ತಿಯಿತ್ತು. ತೆರೆಯ ಮೇಲೆ ಸೆಕೆಂಡಿಗೆ 24 ಬಿಂಬಗಳು ಹಾಯುತ್ತವೆ. ಒಂದು ನಿಮಿಷಕ್ಕೆ 90 ಅಡಿ ಫಿಲ್ಮು ಬೇಕು. ಆ ಅಡಿಗಳಲ್ಲಿ ಯಾವುದನ್ನು ಇಟ್ಟು, ಯಾವುದನ್ನು ಬಿಡಬೇಕೆಂಬ ವಿವೇಕವೇ ಸಂಕಲನ. ರಷ್ಯದ ಕುಲೆಶೋವ್ ಸುಮಾರು 1920ರ ವೇಳೆಗೆ ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ. ನಟನೊಬ್ಬನ ನಿರ್ವಿಕಾರ ಮುಖದ ಪಕ್ಕದಲ್ಲಿ ಊಟದ ಬಟ್ಟಲನ್ನು ಜೋಡಿಸಿದಾಗ ನೋಡುಗರು ಹಸಿವನ್ನು ಕಂಡರು. ಶವಪೆಟ್ಟಿಗೆಯನ್ನು ಜೋಡಿಸಿದಾಗ ಶೋಕವನ್ನು ಕಂಡರು. ಮುಖ ಒಂದೇ, ಭಾವ ಹುಟ್ಟಿದ್ದು ಎರಡು ತುಣುಕುಗಳ ಸಂಧಿಯಲ್ಲಿ.

ಕಾಲದ ಮಾತಿಗೆ ನಮ್ಮ ನೆರೆಯ ಕ್ಷೇತ್ರವೇ ನಿದರ್ಶನ. ಶ್ರೀ ರಾಘವೇಂದ್ರಸ್ವಾಮಿಗಳು 1595ರಲ್ಲಿ ಜನಿಸಿ 1671ರಲ್ಲಿ ಬೃಂದಾವನಸ್ಥರಾದರು. ಡಾ. ರಾಜಕುಮಾರ್ ಅಭಿನಯಿಸಿದ 'ಮಂತ್ರಾಲಯ ಮಹಾತ್ಮೆ' (1966) ಆ 76 ವರ್ಷಗಳ ಜೀವನವನ್ನು ಒಂದು ಆಟದ ಅವಧಿಗೆ ಇಳಿಸಬೇಕಾಯಿತು. ದಶಕಗಳನ್ನು ದಾಟಿಯೂ ಭಕ್ತನ ಭಾವ ತುಂಡಾಗದಂತೆ ಕಾಯುವುದು ಇಂಥ ಚಿತ್ರಗಳ ಸಂಕಲನಕ್ಕೆ ಒದಗುವ ಪರೀಕ್ಷೆ.

ಮುಂದಿನ ಪೀಳಿಗೆ ಇದಕ್ಕೆ ವಿರುದ್ಧವಾದ ದಾರಿಯನ್ನೂ ತೋರಿತು: ಕಾಲವನ್ನು ಹ್ರಸ್ವಗೊಳಿಸುವ ಬದಲು ಅದರ ಭಾರವನ್ನು ಅನುಭವಕ್ಕೆ ತರುವುದು. ನೆಲ್ಲೂರು ಮೂಲದ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ'ದಲ್ಲಿ (1970) ದಹನವಾಗದ ಶವ, ಉಪವಾಸವಿರುವ ಅಗ್ರಹಾರ, ನಿರ್ಣಯ ಕಾಣದ ಪ್ರಾಣೇಶಾಚಾರ್ಯ, ಈ ಮೂರೂ ಸೇರಿ ಕಾಯುವಿಕೆಯೇ ಕಥೆಯಾಗುತ್ತದೆ. ಇದನ್ನು ಸಂಕಲಿಸಿದವರು ಸ್ಟೀವನ್ ಕಾರ್ಟಾ. ಪುಟ್ಟಣ್ಣ ಕಣಗಾಲರ 'ಶರಪಂಜರ'ದಲ್ಲಿ (1971) ಕಾವೇರಿಯ ಗತಕಾಲ ಕಳೆದುಹೋದದ್ದಲ್ಲ. ವರ್ತಮಾನದೊಳಕ್ಕೆ ನುಗ್ಗಿ ಅವಳ ಮನಸ್ಸನ್ನು ಇರಿಯುವಂಥದು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದಲ್ಲಿ (1977) ನಾವು ಯಮುನೆಯನ್ನು ಕಾಣುವುದು ಬಾಲಕ ನಾಣಿಯ ಕಣ್ಣಿನಿಂದ. ಕೊನೆಯಲ್ಲಿ ತಂದೆಯ ಕೈ ಹಿಡಿದು ಹೊರಟ ಹುಡುಗ, ಮುಂಡನಗೊಂಡು ಒಂಟಿಯಾಗಿ ಕುಳಿತ ಯಮುನೆ. ಇಬ್ಬರ ನಡುವೆ ಮಾತಿಲ್ಲ. ಆದರೂ ಒಂದು ಸಮಾಜದ ಕ್ರೌರ್ಯವೆಲ್ಲ ನಮಗೆ ಅರ್ಥವಾಗುತ್ತದೆ. ರಂಗದ ಮೇಲೆ ದೀರ್ಘ ಸಂಭಾಷಣೆಯನ್ನು ಬೇಡುತ್ತಿದ್ದ ವೇದನೆಯನ್ನು ಕನ್ನಡ ಚಿತ್ರ ಮೌನದ ಎರಡು ತುಣುಕುಗಳಲ್ಲಿ ಹೇಳಲು ಕಲಿತಿತ್ತು.

ಈ ಕಲಿಕೆಯ ಮೊದಲ ಹೆಜ್ಜೆಯನ್ನು ಇಂದು ಪರಿಶೀಲಿಸಲಾಗದು. 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಉಳಿದಿರುವ ಚಿತ್ರಗಳನ್ನಾದರೂ ನಾವು ಓದುವಂತೆ ನೋಡಬೇಕು. ನಾಡಿನ ಗಡಿಯನ್ನೂ ಒಮ್ಮೆ ಕತ್ತರಿಸಿ ಬೇರೆಡೆ ಜೋಡಿಸಲಾಯಿತು. ಕನ್ನಡ ಅಕ್ಷರ ಕಲಿಯುವ ಅವಕಾಶವಿಲ್ಲದ ಕನ್ನಡದ ಮಕ್ಕಳು ಇಂದು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಪುಸ್ತಕವನ್ನು ಓದಲಾರದ ಮಗುವೂ ನಾಣಿಯ ನೋಟವನ್ನು ಓದಬಲ್ಲದು. ಸಾಹಿತ್ಯ ಸಮಾವೇಶಗಳಲ್ಲಿ ಇಂತಹ ಒಂದು ಚಿತ್ರವನ್ನು ಮಕ್ಕಳಿಗೆ ತೋರಿಸಿ, ಅವರು ಕಂಡದ್ದನ್ನು ಕನ್ನಡದಲ್ಲಿ ಹೇಳಿಸಿದರೆ, ಆ ಮಾತಿನಿಂದ ಅಕ್ಷರದ ಕಡೆಗೆ ಅವರನ್ನು ಕರೆದೊಯ್ಯುವುದು ಕಷ್ಟವಾಗದು. ಗಡಿನಾಡಿನ ಕನ್ನಡ ಸಂಘಗಳು ಕೈಗೊಳ್ಳಬಹುದಾದ ಸಾಹಿತ್ಯಸೇವೆಗಳಲ್ಲಿ ಇದೂ ಒಂದೆಂದು ಸಹೃದಯರಲ್ಲಿ ನನ್ನ ವಿನಮ್ರ ನಿವೇದನೆ.