ಹೆಂಡದ ಮನೆಯ ಜೀರ್ಣೋದ್ಧಾರ

ಲಂಡನ್ನಿನ ವಾಯವ್ಯಕ್ಕೆ, ಮೇಡಾ ವೇಲ್ ಮತ್ತು ಕಿಲ್ಬರ್ನ್ ಒಂದಕ್ಕೊಂದು ತಾಗುವಲ್ಲಿ, ಕಾರ್ಲ್ಟನ್ ವೇಲ್ ಎಂಬ ರಸ್ತೆಯಿದೆ. ಅಲ್ಲಿನ ಕಾರ್ಲ್ಟನ್ ಟ್ಯಾವರ್ನ್ ಎಂಬ ಪಬ್ಬನ್ನು ನಡೆಸುತ್ತಿದ್ದಾಕೆಗೆ 2015ರ ಈಸ್ಟರ್ ಸೋಮವಾರ ಮಾಲೀಕರ ಕಡೆಯಿಂದ ಸೂಚನೆ ಬಂತು: ದಾಸ್ತಾನು ಲೆಕ್ಕ ಹಾಕಬೇಕಿದೆ, ಬಾಗಿಲು ಹಾಕಿ. ಬುಧವಾರ, ಏಪ್ರಿಲ್ 8ರಂದು, ಯಂತ್ರ ಬಂದು ಕಟ್ಟಡವನ್ನೇ ಉರುಳಿಸಿತು. ಆ ಜಾಗದಲ್ಲಿ ಹತ್ತು ಫ್ಲ್ಯಾಟು ಕಟ್ಟುವ ಅರ್ಜಿಯನ್ನು ವೆಸ್ಟ್‌ಮಿನ್‌ಸ್ಟರ್ ನಗರಸಭೆ ಅದೇ ಜನವರಿಯಲ್ಲಿ ತಿರಸ್ಕರಿಸಿತ್ತು. ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸುವ ಕಡತ ಕೊನೆಯ ಹಂತದಲ್ಲಿತ್ತು. ನಗರಸಭೆ ದಂಡ ಹಾಕಿ ಕೈತೊಳೆದುಕೊಳ್ಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ, ಇಟ್ಟಿಗೆಗೆ ಇಟ್ಟಿಗೆ ಕೂಡಿಸಿ, ಮತ್ತೆ ಕಟ್ಟಿಕೊಡಿ ಎಂದು ಆದೇಶಿಸಿತು. ಮಾಲೀಕರು ಮೇಲ್ಮನವಿ ಹೋದರು, ವಿಚಾರಣೆ ನಡೆಯಿತು, 2016ರಲ್ಲಿ ಸೋತರು. 2021ರ ಏಪ್ರಿಲಿನಲ್ಲಿ, ಕೋವಿಡ್ ನಿರ್ಬಂಧ ಸಡಿಲಿಸಿ ಇಂಗ್ಲೆಂಡಿನ ಪಬ್ಬುಗಳು ಹೊರಗೆ ಮೇಜು ಹಾಕಿ ಮತ್ತೆ ವ್ಯಾಪಾರ ಆರಂಭಿಸಿದ ದಿನಗಳಲ್ಲೇ, ಕಾರ್ಲ್ಟನ್ ಟ್ಯಾವರ್ನಿನ ಬಾಗಿಲೂ ತೆರೆಯಿತು.

ಪತ್ರಿಕೆಗಳು ಇದನ್ನು ಪರಂಪರೆಯ ಗೆಲುವೆಂದು ಬರೆದವು. ಅದು ಅರ್ಧ ಸತ್ಯ. ಕೆಡವುವಾಗ ಆ ಕಟ್ಟಡಕ್ಕೆ ನೂರು ವರ್ಷ ಕೂಡ ತುಂಬಿರಲಿಲ್ಲ. ಚಾರಿಂಗ್‌ಟನ್ ಎಂಬ ಬಿಯರ್ ತಯಾರಕರಿಗಾಗಿ ಫ್ರಾಂಕ್ ಪಾಟರ್ ಎಂಬ ವಾಸ್ತುಶಿಲ್ಪಿ ಅದನ್ನು 1920-21ರಲ್ಲಿ ಕಟ್ಟಿಸಿದ್ದು. ಏಕೆಂದರೆ ಅದೇ ಜಾಗದಲ್ಲಿದ್ದ ಹಿಂದಿನ ಪಬ್ಬು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿಗೆ ಬಲಿಯಾಗಿತ್ತು. ಹಾಗಾದರೆ ಈಗ ನಿಂತಿರುವುದು ಆ ಮೂಲೆಯಲ್ಲಿ ಎದ್ದ, ಕಡಿಮೆಯೆಂದರೂ, ಮೂರನೆಯ ಪಬ್ಬು. ಹಳತು ಎಂಬ ಒಂದೇ ಕಾರಣಕ್ಕೆ ಅದನ್ನು ಉಳಿಸಿದರು ಎನ್ನುವುದಾದರೆ ಲೆಕ್ಕ ಕೂಡುವುದಿಲ್ಲ. ನನ್ನ ವಾದ ಬೇರೆ. ಇಂಗ್ಲೆಂಡಿನ ಬೀದಿ ಪಬ್ಬು ಒಂದೇ ರೂಪದಲ್ಲಿ ಯಾವತ್ತೂ ಉಳಿದದ್ದಲ್ಲ. ಅದರ ಚರಿತ್ರೆಯೇ ಕೆಡವಿ ಕಟ್ಟಿದ ಚರಿತ್ರೆ. ಉಳಿದು ಬಂದದ್ದು ಆ ಮೂಲೆಯ ಮೇಲೆ ನೆರೆಯವರಿಗಿದ್ದ ಹಕ್ಕು. ಕಾನೂನು ಮಾತ್ರ ಇನ್ನೂರು ವರ್ಷ ಪಬ್ಬಿನಲ್ಲಿ ಹೆಂಡವನ್ನಷ್ಟೇ ಕಂಡಿತು, ಮನೆಯನ್ನು ಕಾಣಲಿಲ್ಲ.

ಪಬ್ ಎಂದರೆ ನಮಗೆ ಬೆಂಗಳೂರಿನ ಎಂ.ಜಿ. ರಸ್ತೆಯ ಕತ್ತಲೆ, ಅಬ್ಬರದ ಸಂಗೀತ ಕಣ್ಣಮುಂದೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ, ಊರವರಿಗೆ ತೆರೆದಿಟ್ಟ ಮನೆ. ನಿಜಕ್ಕೂ ಮನೆಯೇ: ನಡೆಸುವವರು ಮಹಡಿಯಲ್ಲಿ ಸಂಸಾರ ಹೂಡಿಕೊಂಡಿರುತ್ತಿದ್ದರು, ಕೆಳಗಿನ ಕೋಣೆಗಳಲ್ಲಿ ವ್ಯಾಪಾರ. ಈ ಮನೆಗಳ ಸಂಖ್ಯೆಯನ್ನು ಏರಿಸುವುದು, ಇಳಿಸುವುದು ಸರ್ಕಾರದ ಆಟವಾಗಿತ್ತು. ಜನ ಜಿನ್ ಕುಡಿದು ಹಾಳಾಗುತ್ತಿದ್ದಾರೆ, ಬಿಯರಾದರೂ ಕುಡಿಯಲಿ ಎಂಬ ಲೆಕ್ಕದಲ್ಲಿ 1830ರ ಕಾಯಿದೆ ಬಂತು. ಎರಡು ಗಿನಿ ಶುಲ್ಕ ಕಟ್ಟಿದರೆ ಸಾಕು, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಯಾರು ಬೇಕಾದರೂ ತಮ್ಮ ಮನೆಯಲ್ಲೇ ಬಿಯರ್ ಮಾರಬಹುದಿತ್ತು. ವರ್ಷ ತುಂಬುವುದರೊಳಗೆ ಸಾವಿರಾರು ನಡುಮನೆಗಳು ಬಿಯರ್ ಅಂಗಡಿಗಳಾದವು. ಇದರಿಂದ ಸರ್ಕಾರಕ್ಕೇ ಗಾಬರಿಯಾಯಿತು. 1869ರಲ್ಲಿ ಪರವಾನಗಿಯ ಅಧಿಕಾರ ಮರಳಿ ಮ್ಯಾಜಿಸ್ಟ್ರೇಟರ ಕೈಸೇರಿತು. 1904ರ ಕಾಯಿದೆಯಂತೂ ಜಾಣತನದ್ದು: ಹೆಚ್ಚುವರಿ ಎನಿಸಿದ ಪಬ್ಬುಗಳನ್ನು ಪರಿಹಾರ ಕೊಟ್ಟು ಮುಚ್ಚಿಸುವುದು, ಆ ಪರಿಹಾರದ ಹಣವನ್ನು ಉಳಿಯುವ ಪಬ್ಬುಗಳಿಂದಲೇ ವಸೂಲು ಮಾಡುವುದು. ಸಾವಿರಾರು ಪಬ್ಬುಗಳು ಹೀಗೆ ಅಳಿದವು. ಅಂದು ಯಾವ ಇಟ್ಟಿಗೆಯನ್ನೂ ಯಾರೂ ಎಣಿಸಿಡಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ಹಿಡಿತ ಬಿಗಿಯಾಯಿತು. ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕುಡಿದು ಕೆಲಸ ಕೆಡಿಸುತ್ತಾರೆಂದು ಮಧ್ಯಾಹ್ನದ ಹೊತ್ತು ಪಬ್ಬುಗಳನ್ನು ಮುಚ್ಚಿಸಿದರು. ಯುದ್ಧ ಮುಗಿದರೂ ಆ ನಿಯಮ 1988ರವರೆಗೆ ಮುಂದುವರಿಯಿತು. ತಾತ್ಕಾಲಿಕ ಎಂದು ಬಂದ ಸರ್ಕಾರಿ ನಿಯಮಗಳ ಆಯುಷ್ಯ ಎಲ್ಲ ದೇಶಗಳಲ್ಲೂ ಒಂದೇ. ಗ್ರೆಟ್ನಾದ ಮದ್ದುಗುಂಡಿನ ಕಾರ್ಖಾನೆಯ ದೆಸೆಯಿಂದ ಕಾರ್ಲೈಲ್ ಪಟ್ಟಣದ ಪಬ್ಬುಗಳನ್ನು 1916ರಲ್ಲಿ ಸರ್ಕಾರವೇ ಕೊಂಡುಕೊಂಡು, ಸಂಬಳದ ಮ್ಯಾನೇಜರುಗಳನ್ನಿಟ್ಟು, 1973ರವರೆಗೂ ನಡೆಸಿತು. ಹೆಚ್ಚು ಮಾರಿದರೆ ಹೆಚ್ಚು ಲಾಭ ಎಂಬ ಆಸೆ ಬಿಯರ್ ಸುರಿಯುವವನಿಗೆ ಇರಬಾರದು ಎಂಬುದು ಅದರ ಹಿಂದಿನ ಯೋಚನೆ. ಪಬ್ಬು ಕಡಿಮೆಯಿರಲಿ, ಇರುವುದು ಚೆನ್ನಾಗಿರಲಿ ಎಂಬ ಈ ಸುಧಾರಕರ ಮಾತನ್ನು ಬಿಯರ್ ಕಂಪನಿಗಳೂ ಎತ್ತಿಕೊಂಡವು. ಪರವಾನಗಿ ಉಳಿಯಬೇಕಾದರೆ ಕಟ್ಟಡ ಮರ್ಯಾದಸ್ತವಾಗಿ ಕಾಣಬೇಕಿತ್ತು. ಕಾರ್ಲ್ಟನ್ ಟ್ಯಾವರ್ನ್ ಹುಟ್ಟಿದ್ದು ಈ ಗಾಳಿಯಲ್ಲಿ. ಕೆಂಪು ಇಟ್ಟಿಗೆ, ಮೆರುಗಿನ ಟೈಲ್ಸು, ಟೈಲ್ಸಿನಲ್ಲೇ ಮೂಡಿಸಿದ ಅಕ್ಷರಗಳು: ಇವೆಲ್ಲ ಕುಡಿತವನ್ನು ಕಡಿಮೆ ಮಾಡಲು ಹೊರಟವರ ಒತ್ತಡದಿಂದ ಬಂದ ಅಲಂಕಾರ. ಪಬ್ಬು ಬೇಡವೆಂದವರ ಹಟ ಇಲ್ಲದಿದ್ದರೆ, 2015ರಲ್ಲಿ ಕಾಪಾಡಬೇಕೆನಿಸಿದ ಆ ಚೆಲುವು ಇರುತ್ತಲೇ ಇರಲಿಲ್ಲ.

ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆಯ ಲಂಡನ್ ಪಬ್ಬು ಒಂದೇ ಕೋಣೆಯಲ್ಲ. ಬೀದಿಗೆ ಎರಡು ಮೂರು ಬಾಗಿಲು, ಒಂದೊಂದರ ಗಾಜಿನ ಮೇಲೆ ಒಂದೊಂದು ಹೆಸರು. ಪಬ್ಲಿಕ್ ಬಾರಿನಲ್ಲಿ ಬರಿಯ ಹಲಗೆಯ ನೆಲ, ಮರದ ಬೆಂಚು, ಕೆಲಸದ ಬಟ್ಟೆಯಲ್ಲೇ ಬಂದವರು. ಸಲೂನ್ ಬಾರಿನಲ್ಲಿ ಕಾಲಡಿಗೆ ರತ್ನಗಂಬಳಿ, ಮೆತ್ತನೆಯ ಆಸನ. ಅದೇ ಪೀಪಾಯಿಯ ಬಿಯರಿಗೆ ಒಂದಿಷ್ಟು ಹೆಚ್ಚು ದರ. ಹೂಜಿ, ಬಾಟಲಿಯಲ್ಲಿ ತುಂಬಿಸಿಕೊಂಡು ಮನೆಗೆ ಒಯ್ಯುವವರಿಗೆ ಪ್ರತ್ಯೇಕ ಕಿಂಡಿ. ವಿಕ್ಟೋರಿಯಾ ಕಾಲದ ಕೆಲವು ಪಬ್ಬುಗಳಲ್ಲಿ ಬಿಯರ್ ಕೊಡುವ ಕಟ್ಟೆಯ ಮೇಲೆ, ಮುಖದ ಎತ್ತರಕ್ಕೆ, ಚಿತ್ತಾರದ ಗಾಜಿನ ಪುಟ್ಟ ಕದಗಳಿದ್ದವು. ಅಚ್ಚಿನ ಮೇಲೆ ತಿರುಗುವ ಆ ಕದವನ್ನು ಕುಳಿತವರು ಬೇಕೆಂದಾಗ ತೆರೆದು ಬಿಯರ್ ಕೇಳಬಹುದು, ಆಮೇಲೆ ಮುಚ್ಚಿಕೊಳ್ಳಬಹುದು. ಸುರಿದು ಕೊಡುವವನ ಕಣ್ಣಿಗೆ ತಮ್ಮ ಮುಖ ಬೀಳಬಾರದು. ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇಟ್ಟಿದ್ದ ನಮ್ಮ ಹಳೆಯ ಹೋಟೆಲುಗಳನ್ನು ಬಲ್ಲವರಿಗೆ ಇದು ಅರ್ಥವಾಗಲು ಹೆಚ್ಚು ವಿವರಣೆ ಬೇಡ. ಎಲ್ಲರ ಮನೆ ಎಂದು ಹೆಸರಿಟ್ಟುಕೊಂಡರೂ ಆ ಮನೆಯಲ್ಲಿ ಪಡಸಾಲೆ ಬೇರೆ, ಹಿತ್ತಿಲು ಬೇರೆ.

ಹಾಗಿದ್ದೂ ಆ ಕೋಣೆಗಳಲ್ಲಿ ಕುಡಿತದ ಹೊರತಾಗಿ ನಡೆದ ಕೆಲಸದ ಪಟ್ಟಿ ಉದ್ದವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅನುಮಾನಾಸ್ಪದ ಸಾವಿನ ವಿಚಾರಣೆಗೆ ಊರಿನಲ್ಲಿ ಬೇರೆ ದೊಡ್ಡ ಕೋಣೆ ಸಿಗದೆ ಪಬ್ಬಿನಲ್ಲೇ ಕೂರುತ್ತಿದ್ದರು. ಕಾಯಿಲೆಗೆ, ಶವಸಂಸ್ಕಾರಕ್ಕೆಂದು ವಾರವಾರ ಚಿಲ್ಲರೆ ಕೂಡಿಡುವ ಕೆಲಸಗಾರರ ಸಂಘಗಳ ಪೆಟ್ಟಿಗೆ ಇರುತ್ತಿದ್ದದ್ದು ಅಲ್ಲಿಯೇ. ಫುಟ್‌ಬಾಲಿಗೆ ನಿಯಮ ಬೇಕೆಂದು 1863ರಲ್ಲಿ ಕ್ಲಬ್ಬುಗಳವರು ಸೇರಿ ಸಂಸ್ಥೆ ಕಟ್ಟಿದ್ದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನಿನಲ್ಲಿ. ಬೋಲ್ಟನ್ ಪಟ್ಟಣದ ಜನಜೀವನವನ್ನು 1930ರ ದಶಕದ ಕೊನೆಗೆ ಹತ್ತಿರದಿಂದ ಗಮನಿಸಿದ ಮಾಸ್ ಅಬ್ಸರ್ವೇಶನ್ ತಂಡ 1943ರಲ್ಲಿ ಪಬ್ಬಿನ ಬಗ್ಗೆಯೇ ಒಂದು ಪುಸ್ತಕ ಹೊರತಂದಿತು. ಚರ್ಚು, ಸಿನಿಮಾ, ಡ್ಯಾನ್ಸ್ ಹಾಲ್, ರಾಜಕೀಯ ಪಕ್ಷ ಎಲ್ಲ ಸೇರಿದರೂ ಹಿಡಿಯದಷ್ಟು ಜನರನ್ನು, ಜನರ ಹೊತ್ತನ್ನು ಅಲ್ಲಿ ಪಬ್ಬು ಹಿಡಿದಿಟ್ಟಿತ್ತು ಎಂಬುದು ಅವರ ತೀರ್ಮಾನ. ಇದು ಕುಡುಕರ ಹೊಗಳಿಕೆಯಲ್ಲ, ಪೆನ್ಸಿಲ್ ಹಿಡಿದು ಕೂತವರ ಎಣಿಕೆ.

ಇಷ್ಟು ಹೇಳಿದರೂ ಕನ್ನಡದ ಓದುಗರು ತಕರಾರು ಎತ್ತದೆ ಬಿಡಲಾರರು, ಎತ್ತಬೇಕಾದದ್ದೇ. ಹೆಂಡದಂಗಡಿ ಬಿದ್ದರೆ ಊರಿಗೆ ಒಳ್ಳೆಯದಲ್ಲವೇ? ತುರುವನೂರಿನಲ್ಲಿ 1939ರಲ್ಲಿ ಈಚಲು ಮರಗಳನ್ನು ಕಡಿದದ್ದೇ ಸತ್ಯಾಗ್ರಹವಾಯಿತು. ಸಾರಾಯಿ ಅಂಗಡಿಯ ಮುಂದೆ ನಿಂತು ಹಳ್ಳಿಯ ಹೆಂಗಸರು ಜಗಳವಾಡಿದರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯೇ ನಿಂತಿತು. ರಾಜರತ್ನಂ ಅವರ ರತ್ನ ಹೆಂಡದ ಅಮಲಿನಲ್ಲೇ ನಮ್ಮ ಸಾಹಿತ್ಯದೊಳಗೆ ಬಂದು ಕೂತ. ಆದರೆ ಅವನು ಕುಡಿದ ಅಂಗಡಿಯನ್ನು ಉಳಿಸಿಕೊಡಿ ಎಂದು ಗಿರಾಕಿಗಳು ಕೂಗೆದ್ದದ್ದನ್ನು ನಾನು ಕಾಣೆ. ಇಂಗ್ಲೆಂಡಿನಲ್ಲೂ ಪಬ್ಬಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಲಂಡನ್ನಿನ ಎಲ್ ವೀನೋ ಎಂಬ ಬಾರಿನಲ್ಲಿ ಹೆಂಗಸರು ಕಟ್ಟೆಯ ಬಳಿ ನಿಂತು ಕುಡಿಯುವಂತಿರಲಿಲ್ಲ. ಅದು ತಪ್ಪೆಂದು ನ್ಯಾಯಾಲಯ ಹೇಳಲು 1982 ಬರಬೇಕಾಯಿತು. ಸ್ಮೆದಿಕ್ ಪಟ್ಟಣದ ಕೆಲವು ಪಬ್ಬುಗಳು ಭಾರತದಿಂದ, ಕೆರಿಬಿಯನ್ ದ್ವೀಪಗಳಿಂದ ಬಂದ ಕೆಲಸಗಾರರನ್ನು ಹೊರಗಿಟ್ಟಿದ್ದವು. ಅದನ್ನು ಕಣ್ಣಾರೆ ಕಾಣಲು 1965ರ ಫೆಬ್ರುವರಿಯಲ್ಲಿ ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಅಲ್ಲಿಗೆ ಹೋಗಿದ್ದರು.

ಈ ತಕರಾರನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದು ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ. ಹೊರಗುಳಿಯಬೇಕಾದವರು ಪಬ್ಬು ನಮಗೆ ಬೇಡ ಎನ್ನಲಿಲ್ಲ, ಒಳಗೆ ಬಿಡಿ ಎಂದರು. 1965ರ ಜನಾಂಗೀಯ ಸಂಬಂಧ ಕಾಯಿದೆ ಸಾರ್ವಜನಿಕ ಸ್ಥಳಗಳಲ್ಲಿನ ತಾರತಮ್ಯವನ್ನು ನಿಷೇಧಿಸಿದಾಗ ಪಬ್ಬು ಆ ಪಟ್ಟಿಯಲ್ಲಿತ್ತು. ಆಮೇಲೆ ಅದೇ ಸೀಮೆಯಲ್ಲಿ ಪಂಜಾಬಿಗಳು ಪಬ್ಬುಗಳನ್ನೇ ವಹಿಸಿಕೊಂಡು, ಬಿಯರಿನ ಜೊತೆಗೆ ತಂದೂರಿಯ ತಟ್ಟೆಯನ್ನೂ ಇಟ್ಟು, ‘ದೇಸಿ ಪಬ್’ ಎಂಬ ಹೊಸ ಬಗೆಯನ್ನೇ ಹುಟ್ಟಿಸಿದರು. ಬರಿಯ ಹೆಂಡವೇ ಬೇಕಿದ್ದರೆ ಬಾಟಲಿ ತಂದು ಮನೆಯಲ್ಲಿ ಕುಡಿಯಬಹುದಿತ್ತು. ಅವರು ಜಗಳವಾಡಿದ್ದು ಜಾಗಕ್ಕಾಗಿ. ನಮ್ಮ ಸಾರಾಯಿ ಅಂಗಡಿಗೂ ಇದಕ್ಕೂ ಇರುವ ಅಂತರವೂ ಇಲ್ಲಿಯೇ: ಸಾರಾಯಿ ಅಂಗಡಿ ನಿಂತು ಕುಡಿದು ಹೊರಡುವ ಜಾಗವಾಗಿತ್ತು. ಅಲ್ಲಿ ಕೂರಲು ಬೆಂಚಿರಲಿಲ್ಲ, ಹೆಂಗಸರಿಗೆ ಜಾಗವಿರಲಿಲ್ಲ. ಊರಿಗೆ ಅದರ ಮೇಲೆ ಹಕ್ಕೇ ಇಲ್ಲದ ಮೇಲೆ, ಅದು ಹೋದದ್ದಕ್ಕೆ ಊರು ಮರುಗಲಿಲ್ಲ.

ಎರಡನೆಯ ತಕರಾರು ವ್ಯಾಪಾರದ್ದು. ಗಿರಾಕಿ ಬರದ ಅಂಗಡಿಯನ್ನು ಹಿಡಿದಿಟ್ಟುಕೊಂಡು ಏನು ಮಾಡುವುದು, ಲಂಡನ್ನಿಗೆ ಮನೆಗಳೇ ಬೇಕಾಗಿರುವಾಗ? ಬ್ರಿಟನ್ನಿನಲ್ಲಿ 2000ದ ಹೊತ್ತಿಗೆ ಸುಮಾರು 60,000 ಪಬ್ಬುಗಳಿದ್ದವು, ಇಪ್ಪತ್ತು ವರ್ಷಗಳಲ್ಲಿ 47,000ದ ಆಸುಪಾಸಿಗೆ ಇಳಿದವು. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರು ಒಂದು ಕಾರಣ. ಒಳಗೆ ಸಿಗರೇಟು ಸೇದುವಂತಿಲ್ಲ ಎಂಬ ನಿಯಮ ಇನ್ನೊಂದು. ಇಂಗ್ಲೆಂಡಿನಲ್ಲಿ ಅದು ಜಾರಿಯಾದದ್ದೂ 2007ರ ಜುಲೈ 1ರಂದೇ, ನಮ್ಮಲ್ಲಿ ಸಾರಾಯಿ ನಿಂತ ದಿನವೇ, ಎಂಬುದು ಕಾಕತಾಳೀಯ. ಆದರೆ ಪಬ್ಬುಗಳೆಲ್ಲ ಗಿರಾಕಿಯಿಲ್ಲದೆಯೇ ಸತ್ತವು ಎನ್ನಲಾಗದು. ಬಿಯರ್ ತಯಾರಕರ ಏಕಸ್ವಾಮ್ಯ ಮುರಿಯಲೆಂದು 1989ರಲ್ಲಿ ತಂದ ಆಜ್ಞೆಯಿಂದ ದೊಡ್ಡ ಕಂಪನಿಗಳು ತಮ್ಮ ಪಬ್ಬುಗಳನ್ನು ಮಾರಿದವು; ಕೊಂಡವರಲ್ಲಿ ಬಿಯರ್ ಕುದಿಸಿ ಗೊತ್ತಿಲ್ಲದ, ಆಸ್ತಿಯ ಲೆಕ್ಕವಷ್ಟೇ ಬಲ್ಲ ಕಂಪನಿಗಳಿದ್ದವು. ಅಂಥವರ ಕಡತದಲ್ಲಿ ಪಬ್ಬು ಎಂದರೆ ಮೂಲೆ ನಿವೇಶನ. ಕಾನೂನೂ ಅವರ ಪರವಾಗಿತ್ತು: ಪಬ್ಬನ್ನು ಅಂಗಡಿಯೋ ಬ್ಯಾಂಕೋ ಮಾಡಲು ಯೋಜನಾ ಅನುಮತಿ ಬೇಕಿರಲಿಲ್ಲ, ಕೆಡವಲಿಕ್ಕೂ ಸಾಮಾನ್ಯವಾಗಿ ಬೇಕಿರಲಿಲ್ಲ. ನೆರೆಯವರು ತಮ್ಮ ಪಬ್ಬನ್ನು ‘ಸಮುದಾಯದ ಆಸ್ತಿ’ ಎಂದು ದಾಖಲಿಸಿಕೊಳ್ಳುವ ದಾರಿಯನ್ನು 2011ರ ಕಾಯಿದೆ ತೆರೆಯಿತು. ಹಾಗೆ ದಾಖಲಾದವಕ್ಕೆ ಅನುಮತಿ ಕಡ್ಡಾಯವಾದದ್ದು 2015ರ ಏಪ್ರಿಲ್ 6ರಂದು, ಅಂದರೆ ದಾಸ್ತಾನು ಲೆಕ್ಕದ ಸೂಚನೆ ಬಂದ ಈಸ್ಟರ್ ಸೋಮವಾರವೇ. ಇಂಗ್ಲೆಂಡಿನ ಎಲ್ಲ ಪಬ್ಬುಗಳಿಗೂ ಅದು ಅನ್ವಯಿಸಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮೂಲೆಗಳು ಖಾಲಿಯಾಗಿದ್ದವು.

ಮೂರನೆಯ ತಕರಾರು ನನಗೆ ಹೆಚ್ಚು ಕುತೂಹಲದ್ದು. ಹೊಸದಾಗಿ ಕಟ್ಟಿದ್ದು ಅಸಲಿಯೇ? ಸಿನಿಮಾ ಸೆಟ್ಟಿನಂಥ ನಕಲಲ್ಲವೇ? ಕಟ್ಟಡವೆಂದರೆ ಇಟ್ಟಿಗೆ ಎಂದು ತಿಳಿದರೆ ಇದಕ್ಕೆ ಉತ್ತರವಿಲ್ಲ. ಆದರೆ ನಮ್ಮ ಊರುಗಳಲ್ಲಿ ಗುಡಿ ಶಿಥಿಲವಾದರೆ ಬಿಚ್ಚಿ ಕಟ್ಟುತ್ತಾರೆ, ಗೋಡೆ ಹೊಸದು, ಮಾಡು ಹೊಸದು. ಅದನ್ನು ಜೀರ್ಣೋದ್ಧಾರ ಎನ್ನುತ್ತೇವೆ, ನಕಲಿ ಗುಡಿ ಎನ್ನುವುದಿಲ್ಲ. ಜಾಗ ಅದೇ, ಬರುವವರು ಅವರೇ, ನಡೆಯುವ ಕೆಲಸ ಅದೇ ಆಗಿದ್ದರೆ ಸಾಕು. ಕಾರ್ಲ್ಟನ್ನಿನ ನೆರೆಯವರು ಬರಿಯ ನೆನಪನ್ನು ನೆಚ್ಚಿ ಕೂರಲಿಲ್ಲ ಎಂಬುದು ಇಲ್ಲಿ ಮುಖ್ಯ. ಮಾಲೀಕರ ಮೇಲೆ ಮೊದಲೇ ಗುಮಾನಿಯಿದ್ದ ಅವರು ಪರಂಪರೆ ಸಂಸ್ಥೆಯ ಬಾಗಿಲು ತಟ್ಟಿದ್ದರು. ಹಾಗಾಗಿ ಕಟ್ಟಡ ನಿಂತಿರುವಾಗಲೇ ಫೋಟೋ ತೆಗೆದಾಗಿತ್ತು, ಟೈಲ್ಸಿನ ಪ್ಲಾಸ್ಟರ್ ಅಚ್ಚು ಹಿಡಿದಾಗಿತ್ತು, ವಿವರ ಬರೆದಿಟ್ಟಾಗಿತ್ತು. ಮರುನಿರ್ಮಾಣ ಅಸಾಧ್ಯ ಎಂಬ ನೆಪ ಮೇಲ್ಮನವಿಯಲ್ಲಿ ನಿಲ್ಲದಂತೆ ಮಾಡಿದ್ದು ಆ ಅಚ್ಚುಗಳು. ಅಲ್ಲಿ ಕೂತು ಎಷ್ಟು ಸಂಜೆ ಕಳೆದೆವು ಎಂದು ಸಾವಿರ ಜನ ಹೇಳಿದ್ದರೂ ಒಂದು ಟೈಲ್ಸೂ ಮರಳಿ ಬರುತ್ತಿರಲಿಲ್ಲ.

ಸ್ಟಾಫರ್ಡ್‌ಶೈರಿನ ಹಿಮ್ಲಿ ಹಳ್ಳಿಯ ‘ಕ್ರೂಕೆಡ್ ಹೌಸ್’, ಸೊಟ್ಟ ಮನೆ, ಈ ವಾದವನ್ನು ಇನ್ನೂ ಕಠಿಣವಾಗಿ ಪರೀಕ್ಷಿಸುತ್ತದೆ. ಅದು 1765ರಲ್ಲಿ ಕಟ್ಟಿದ ತೋಟದ ಮನೆ, ಆಮೇಲೆ ಪಬ್ಬಾದದ್ದು. ಅಡಿಯಲ್ಲಿ ಗಣಿ ತೋಡಿ ತೋಡಿ ನೆಲ ಕುಸಿದು, ಒಂದು ಬದಿ ಇನ್ನೊಂದಕ್ಕಿಂತ ಸುಮಾರು ನಾಲ್ಕು ಅಡಿ ತಗ್ಗಿತ್ತು. ಒಳಗೆ ಗೋಲಿಯಿಟ್ಟರೆ ಏರಿಗೆ ಉರುಳುವಂತೆ ಕಾಣುತ್ತಿತ್ತು. ಜನ ದೂರದೂರದಿಂದ ಬರುತ್ತಿದ್ದದ್ದೇ ಅದನ್ನು ನೋಡಲು. 2023ರ ಆಗಸ್ಟ್ 5ರ ರಾತ್ರಿ ಅದಕ್ಕೆ ಬೆಂಕಿ ಬಿತ್ತು, 7ರಂದು ಅನುಮತಿಯಿಲ್ಲದೆ ಕೆಡವಿದರು. 2024ರ ಫೆಬ್ರುವರಿಯಲ್ಲಿ ಸೌತ್ ಸ್ಟಾಫರ್ಡ್‌ಶೈರ್ ಕೌನ್ಸಿಲ್, ಬೆಂಕಿಗೆ ಮೊದಲು ಹೇಗಿತ್ತೋ ಹಾಗೆಯೇ ಮೂರು ವರ್ಷದೊಳಗೆ ಕಟ್ಟಿಕೊಡಬೇಕೆಂದು ನೋಟಿಸು ಕೊಟ್ಟಿತು. ಹಾಗೆಯೇ ಎಂದರೆ ಸೊಟ್ಟವಾಗಿಯೇ. ಗಣಿಯು ಎಳೆದು ಬಾಗಿಸಿದ ಗೋಡೆಯನ್ನು ಇನ್ನು ಗಾರೆಯವರು ನಕ್ಷೆ ನೋಡಿ ಬಾಗಿಸಬೇಕು. ರಸಮಟ್ಟ, ತೂಗುಗುಂಡು ಎರಡನ್ನೂ ಕೈಯಲ್ಲಿ ಹಿಡಿದು, ಅವು ತೋರಿಸುವ ನೇರದಿಂದ ಎಷ್ಟು ತಪ್ಪಬೇಕು ಎಂದು ಲೆಕ್ಕ ಹಾಕಿ ಒಂದೊಂದೇ ವರಸೆ ಇಟ್ಟಿಗೆ ಇಡಬೇಕು.